ಅಮ್ಮನ ಬೆನ್ನ ಮೇಲೊಂದು ಕಲೆ: ಕೇಳಲೇ, ಸುಮ್ಮನಿರಲೇ?

ಬೆಳಗಿನ ಬಸ್ಸು | ಭಾನುವಾರ ರಾತ್ರಿ 10.40

ಏಳು ತಿಂಗಳಿಂದ ಅಮ್ಮ ಹಿರಿಯರ ಆರೈಕೆ ಕೇಂದ್ರವೊಂದರಲ್ಲಿದ್ದಾರೆ. 79 ವರ್ಷ, ಮರೆವಿನ ಕಾಯಿಲೆ. ಕೈಹಿಡಿದರೆ ನಾಲ್ಕು ಹೆಜ್ಜೆ ಇಡುತ್ತಾರೆ. ಉಳಿದಂತೆ ಕುರ್ಚಿ, ಇಲ್ಲದಿದ್ದರೆ ಹಾಸಿಗೆ. ಇವತ್ತು ಅವರ ಬಟ್ಟೆ ಬದಲಿಸಲು ನಾನೇ ನಿಂತೆ. ಬೆನ್ನು ಮುಗಿಯುವಲ್ಲಿ, ಮೂಳೆ ಎದ್ದು ಕಾಣುವ ಜಾಗದಲ್ಲಿ, ದೊಡ್ಡ ನಾಣ್ಯದಷ್ಟು ಅಗಲದ ಕಲೆ. ಪೂರ್ತಿ ಕಪ್ಪೂ ಅಲ್ಲ, ನೇರಳೆಯೂ ಅಲ್ಲ. ಮುಟ್ಟಿದರೆ ಬಿಸಿ. ಅಮ್ಮ ಮುಖ ಕಿವುಚಿದರು.

ಮೇಲ್ವಿಚಾರಕಿಯನ್ನು ಕರೆದು ತೋರಿಸಿದೆ. "ವಯಸ್ಸಾದವರ ಚರ್ಮ, ಹೀಗೆಲ್ಲ ಆಗುತ್ತದೆ" ಎಂದರು. ಯಾವಾಗಿನಿಂದ ಇದೆ? ಗೊತ್ತಿಲ್ಲ. ಎಲ್ಲಿಯಾದರೂ ಬರೆದಿಟ್ಟಿದ್ದೀರಾ? ದಾಖಲೆ ಕಚೇರಿಯಲ್ಲಿದೆ, ಕಚೇರಿ ನಾಳೆ ತೆರೆಯುತ್ತದೆ. ಅಲ್ಲಿಗೆ ಮಾತು ಮುಗಿಯಿತು.

ಹಾಗೆಂದು ಅದು ಕೆಟ್ಟ ಜಾಗವೆನ್ನಲಾರೆ. ನೆಲ ಕನ್ನಡಿಯಂತಿದೆ, ಎಲ್ಲರೂ ನಗುನಗುತ್ತಾ ಮಾತನಾಡಿಸುತ್ತಾರೆ, ಅಮ್ಮನ ತಲೆ ಯಾವಾಗಲೂ ಬಾಚಿರುತ್ತದೆ. ಇದು ನಿರ್ಲಕ್ಷ್ಯವೋ ವಯಸ್ಸಿನ ಆಟವೋ ನನಗೆ ತಿಳಿಯುತ್ತಿಲ್ಲ. ಅದಕ್ಕಿಂತ ದೊಡ್ಡ ಚಿಂತೆ ಇನ್ನೊಂದು. ನಾನು ದನಿ ಏರಿಸಿ ಸಂಜೆ ಆರಕ್ಕೆ ಎದ್ದು ಬರುತ್ತೇನೆ. ಅಮ್ಮ ಅಲ್ಲಿಯೇ ಉಳಿಯುತ್ತಾರೆ. ರಾತ್ರಿ ಅವರಿಗೆ ನೀರು ಕುಡಿಸಬೇಕಾದವರು ನಾನು ಬೈದು ಬಂದವರೇ. ಜುಟ್ಟು ಅವರ ಕೈಯಲ್ಲಿರುವಾಗ ದೂರು ಕೊಡುವುದು ಹೇಗೆ? ಅನುಭವವಿದ್ದವರು ಹೇಳಿ.

ಬಿಳಿ ಸಮವಸ್ತ್ರ | 11.05

ನಾನು ನಿವೃತ್ತ ಶುಶ್ರೂಷಕಿ. ಕೊನೆಯ ಒಂಬತ್ತು ವರ್ಷ ಇಂಥದೇ ಕೇಂದ್ರದಲ್ಲಿದ್ದೆ.

ಮೊದಲು ಕಲೆಯ ವಿಚಾರ. ಅದರ ಮೇಲೆ ಬೆರಳೊತ್ತಿ ತೆಗೆಯಿರಿ. ಒತ್ತಿದ ಜಾಗ ಬಿಳಿಚಿ ಮತ್ತೆ ಬಣ್ಣ ಮರಳಿದರೆ ರಕ್ತ ಓಡಾಡುತ್ತಿದೆ ಎಂದರ್ಥ. ಬಿಳಿಚದಿದ್ದರೆ ಪೆಟ್ಟು ಬಿದ್ದಾಗಿದೆ. ಹಾಸಿಗೆ ಹುಣ್ಣಿನ ಮೊದಲ ಹಂತ ಅದು. ಒಟ್ಟು ನಾಲ್ಕು ಹಂತ, ನಾಲ್ಕನೆಯದರಲ್ಲಿ ಮೂಳೆಯೇ ಕಾಣಬಹುದು. ಆದರೆ ಕಪ್ಪು, ಕಂದು ಚರ್ಮದಲ್ಲಿ ಬಿಳಿಚುವುದು ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಪಾಠದಲ್ಲಿ "ಕೆಂಪು" ಎಂದು ಹೇಳಿಕೊಟ್ಟಿರುತ್ತಾರೆ, ಹೊಸಬರು ಕೆಂಪನ್ನೇ ಹುಡುಕುತ್ತಾ ಇದ್ದುಬಿಡುತ್ತಾರೆ. ಅಲ್ಲಿ ಕೈಯೇ ಕಣ್ಣು: ಸುತ್ತಲಿಗಿಂತ ಬಿಸಿಯಿದೆಯೇ, ಗಟ್ಟಿಯಾಗಿದೆಯೇ, ಮುಟ್ಟಿದರೆ ನೋವೇ. ನೇರಳೆ ಎಂದಿರಿ, ನನಗೆ ಅದೇ ಆತಂಕ. ಮೇಲೆ ಚರ್ಮ ಒಡೆಯದಿದ್ದರೂ ಒಳಗಿನ ಮಾಂಸ ಕೆಟ್ಟಿರಬಹುದು. ನಾಳೆಯೇ ವೈದ್ಯರು ನೋಡಲಿ. ಅಲ್ಲಿಯವರೆಗೆ ಆ ಜಾಗದ ಮೇಲೆ ಭಾರ ಬೀಳಬಾರದು, ಯಾರೂ ಅದನ್ನು ತಿಕ್ಕಬಾರದು.

ವಯಸ್ಸು ಚರ್ಮವನ್ನು ತೆಳುವಾಗಿಸುತ್ತದೆ, ನಿಜ. ಹುಣ್ಣು ಮಾಡುವುದು ಮಾತ್ರ ಒಂದೇ ಜಾಗದ ಮೇಲೆ ಬೀಳುವ ಒತ್ತಡ.

ಗುಬ್ಬಿಗೂಡು | 11.12

ನಡುವೆ ತೂತಿರುವ ರಬ್ಬರ್ ದಿಂಬು ಸಿಗುತ್ತದೆ, ಅದರ ಮೇಲೆ ಕೂರಿಸಿ. ನಮ್ಮ ಮಾವನವರಿಗೆ ಅದನ್ನೇ ಇಡುತ್ತಿದ್ದೆ.

ಬಿಳಿ ಸಮವಸ್ತ್ರ | 11.15

ದಯವಿಟ್ಟು ಬೇಡ. ಆ ತೂತಿನ ಅಂಚು ಸುತ್ತಲೂ ಒತ್ತಿ ನಡುವಿನ ಜಾಗಕ್ಕೆ ಬರುವ ರಕ್ತವನ್ನೇ ತಡೆಯುತ್ತದೆ. ಹಳೆಯ ಕಾಲದಲ್ಲಿ ನಾವೂ ಇಡುತ್ತಿದ್ದೆವು, ಈಗ ಬೇಡವೆಂದೇ ಕಲಿಸುತ್ತಾರೆ.

ಗುಬ್ಬಿಗೂಡು | 11.21

ಹದಿನಾಲ್ಕು ತಿಂಗಳು ಇಟ್ಟಿದ್ದೆ. ಒಳ್ಳೆಯದೆಂದೇ ಇಟ್ಟಿದ್ದೆ.

ನೇರನುಡಿ | 11.30

ಯಾರಿಗೂ ಹಿಡಿಸದ ಮಾತು ಹೇಳುತ್ತೇನೆ. ಹೆತ್ತವಳನ್ನು ಕಂಡವರ ಕೈಗೆ ಒಪ್ಪಿಸಿ, ಭಾನುವಾರಕ್ಕೊಮ್ಮೆ ಹೋಗಿ ಕಲೆ ಎಣಿಸಿದರೆ ಏನು ಬಂತು? ದುಡ್ಡು ಕೊಟ್ಟರೆ ಪ್ರೀತಿ ಸಿಗುವುದಿಲ್ಲ.

ಎರಡನೇ ಮಹಡಿ | 11.33

ಶುರುವಾಯಿತು. ಇಷ್ಟು ಹೊತ್ತು ಬರಲಿಲ್ಲವಲ್ಲ ಎಂದುಕೊಳ್ಳುತ್ತಿದ್ದೆ.

ಬೆಳಗಿನ ಬಸ್ಸು | 11.41

ನೇರನುಡಿ ಅವರೇ, ಅಮ್ಮ ಎರಡು ಸಲ ಒಲೆ ಹಚ್ಚಿಟ್ಟು ಮರೆತರು. ಒಮ್ಮೆ ರಾತ್ರಿ ಮೂರಕ್ಕೆ ಬಾಗಿಲು ತೆರೆದು ಹೊರಟುಹೋಗಿದ್ದರು. ಸಿಕ್ಕಿದಾಗ ಬರಿಗಾಲು, ನನ್ನನ್ನೇ "ನೀವು ಯಾರು" ಎಂದರು. ಮೂರು ವರ್ಷ ಮನೆಯಲ್ಲಿ ನೋಡಿಕೊಂಡಿದ್ದೇನೆ, ಕೆಲಸಕ್ಕೆ ಹೋಗುತ್ತಾ. ಇದನ್ನು ನಿಮಗೆ ಒಪ್ಪಿಸಬೇಕಾದ ಅಗತ್ಯ ನನಗಿರಲಿಲ್ಲ.

ಗುಬ್ಬಿಗೂಡು | 11.48

ಮನೆಯಲ್ಲಿದ್ದರೆ ಹುಣ್ಣಾಗುವುದಿಲ್ಲ ಎಂದುಕೊಂಡಿದ್ದೀರಾ? ಮಾವನವರನ್ನು ನಾನು ಮನೆಯಲ್ಲೇ ನೋಡಿಕೊಂಡೆ. ಹಿಮ್ಮಡಿಯಲ್ಲಿ ಎರಡು, ಬೆನ್ನಿನಲ್ಲಿ ಒಂದು ಆಗಿತ್ತು. ಪ್ರೀತಿಗೇನೂ ಕಡಿಮೆ ಇರಲಿಲ್ಲ. ತಿಳಿವಳಿಕೆ ಇರಲಿಲ್ಲ, ನಿದ್ದೆ ಇರಲಿಲ್ಲ, ಎತ್ತಿ ಮಲಗಿಸಲು ಎರಡನೆಯ ಜೋಡಿ ಕೈ ಇರಲಿಲ್ಲ.

ರಾತ್ರಿಪಾಳಿ | ಬೆಳಗಿನ ಜಾವ 4.50

ನಾನು ಇಂಥದೇ ಒಂದು ಕೇಂದ್ರದಲ್ಲಿ ಆಯಾ. ಯಾವುದೆಂದು ಕೇಳಬೇಡಿ. ಒಂದು ಲೆಕ್ಕ ಹೇಳುತ್ತೇನೆ.

ರಾತ್ರಿ ನಾವು ಇಬ್ಬರು. ಮಲಗಿರುವವರು 34. ಅವರಲ್ಲಿ ತಾವಾಗಿ ಮಗ್ಗುಲು ತಿರುಗಲಾರದವರು 11. ಎರಡು ಗಂಟೆಗೊಮ್ಮೆ ತಿರುಗಿಸಬೇಕು ಎಂದು ಗೋಡೆಯ ಮೇಲೆ ಬರೆದು ಹಾಕಿದ್ದಾರೆ. ಎಳೆಯದೆ, ಎತ್ತಿ, ಬೆನ್ನಿಗೆ ದಿಂಬು ಕೊಟ್ಟು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಿ, ಒದ್ದೆಯಾಗಿದ್ದರೆ ಡೈಪರ್ ಬದಲಿಸಿ ಮುಗಿಸಲು ಇಬ್ಬರಿಗೂ ಸೇರಿ ಎಂಟು ನಿಮಿಷ. 11 ಜನಕ್ಕೆ 88 ನಿಮಿಷ. ಉಳಿದ 32 ನಿಮಿಷದಲ್ಲಿ ಮಿಕ್ಕ 23 ಜನರ ಕರೆಗಂಟೆ, ವಾಂತಿ, ಕೆಮ್ಮು, ದಾರಿ ತಪ್ಪಿ ಓಡಾಡುವವರು. ಅದು ಮುಗಿಯುವಷ್ಟರಲ್ಲಿ ಮತ್ತೆ ಮೊದಲ ಹಾಸಿಗೆಯ ಸರದಿ. ಒಬ್ಬರು ಬಿದ್ದರೆಂದರೆ ಆ ರಾತ್ರಿಯ ಲೆಕ್ಕವೆಲ್ಲ ಮಣ್ಣುಪಾಲು.

ಆಗ ಏನು ಮಾಡುತ್ತೇವೆ ಗೊತ್ತೇ? ನಾಲ್ಕು ಗಂಟೆಗೆ ಕುಳಿತು ಎಲ್ಲ ಖಾನೆಗಳಿಗೂ ಒಂದೇ ಬಾರಿಗೆ ಸಹಿ ಹಾಕುತ್ತೇವೆ. ನಾನೂ ಹಾಕಿದ್ದೇನೆ.

ಅಮ್ಮನ ಮಗ್ಗುಲು ಬದಲಿಸುವ ಪಟ್ಟಿ ಕೇಳಿ. ಅದರಲ್ಲಿ 10.00, 12.00, 2.00, 4.00 ಎಂದು ಗಡಿಯಾರದಂತೆ ಇದ್ದು, ಒಂದೇ ಪೆನ್ನು, ಒಂದೇ ಕೈಬರಹವಾಗಿದ್ದರೆ ನಂಬಬೇಡಿ. ನಿಜವಾಗಿ ಮಾಡಿದ ಕೆಲಸ 10.20, 12.50, 2.35 ಹೀಗೆ ಅಡ್ಡಾದಿಡ್ಡಿಯಾಗಿರುತ್ತದೆ.

ಲೆಕ್ಕದವನು | ಸೋಮವಾರ ಬೆಳಗ್ಗೆ 7.30

ಈ ಇಡೀ ಚರ್ಚೆಯಲ್ಲಿ ಉಪಯೋಗಕ್ಕೆ ಬರುವ ಮಾತು ಮೇಲಿನದೇ. ಜೊತೆಗೆ ಒಂದು ಅಂಕಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ ಆರೈಕೆ ಸಂಸ್ಥೆಗಳ ಸಿಬ್ಬಂದಿಯಲ್ಲಿ 3ರಲ್ಲಿ 2 ಜನ, ಹಿಂದಿನ ಒಂದು ವರ್ಷದಲ್ಲಿ ಹಿರಿಯರ ಮೇಲೆ ಯಾವುದಾದರೂ ಬಗೆಯ ದೌರ್ಜನ್ಯ ಎಸಗಿದ್ದಾಗಿ ತಾವೇ ಒಪ್ಪಿಕೊಂಡಿದ್ದಾರೆ. ಹೊರಗೆ, ಮನೆ ಮತ್ತು ಸಮುದಾಯದಲ್ಲಿ, 60 ದಾಟಿದವರಲ್ಲಿ 6ರಲ್ಲಿ ಒಬ್ಬರು ವರ್ಷದೊಳಗೆ ದೌರ್ಜನ್ಯ ಅನುಭವಿಸಿದ್ದಾರೆ.

ನೇರನುಡಿ | 7.44

ನೋಡಿದಿರಾ? ಮೂವರಲ್ಲಿ ಇಬ್ಬರು. ಬೇಲಿಯೇ ಎದ್ದು ಹೊಲ ಮೇಯುತ್ತಿದೆ.

ಬಿಳಿ ಸಮವಸ್ತ್ರ | 8.02

ಆ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವಂತಿಲ್ಲ, ಲೆಕ್ಕದವರೇ. ಒಂದರಲ್ಲಿ ಕೇಳಿದ್ದು ಸಿಬ್ಬಂದಿಯನ್ನು, ಇನ್ನೊಂದರಲ್ಲಿ ಹಿರಿಯರನ್ನು. ದೌರ್ಜನ್ಯ ಎಂದರೆ ಬರೀ ಹೊಡೆತವೂ ಅಲ್ಲ; ಗದರುವುದು, ಹೀಯಾಳಿಸುವುದು, ಬೇಕಾದ ಆರೈಕೆ ಕೊಡದಿರುವುದು ಎಲ್ಲವೂ ಅದರೊಳಗೆ ಬರುತ್ತದೆ.

ರಾತ್ರಿಪಾಳಿ | 8.15

ಆ ಇಬ್ಬರಲ್ಲಿ ನಾನೂ ಒಬ್ಬಳು. ಹೋದ ತಿಂಗಳು ಒಬ್ಬರು ಐದನೆಯ ಸಲ ಗಂಟೆ ಒತ್ತಿದಾಗ "ಸುಮ್ಮನೆ ಮಲಗಿ" ಎಂದು ಕಿರುಚಿದೆ. ಅವರಿಗೆ ನೀರು ಬೇಕಾಗಿತ್ತು. ಈಗ ಮಲಗಲು ಹೋಗುತ್ತೇನೆ, ಬೈಯುವವರು ಬೈದಿರಿ.

ಎರಡನೇ ಮಹಡಿ | 8.40

ಮೂಲ ಪ್ರಶ್ನೆಗೆ ಬರೋಣ. ದೂರು ಕೊಟ್ಟರೆ ಸೇಡು ತೀರಿಸಿಕೊಳ್ಳುತ್ತಾರೆಯೇ?

ನನ್ನ ತಂದೆಯ ವಿಷಯದಲ್ಲಿ ಆದದ್ದು ಹೇಳುತ್ತೇನೆ. ಅವರ ತೋಳಿನ ಮೇಲೆ ಬೆರಳಚ್ಚಿನಂತೆ ನಾಲ್ಕು ಬಾವು ಕಂಡವು. ನಾನು ವರಾಂಡದಲ್ಲಿ ಎಲ್ಲರ ಮುಂದೆ ಕೂಗಾಡಿದೆ. ಮರುದಿನ ಹೋದರೆ ಕರೆಗಂಟೆಯ ದಾರ ಹಾಸಿಗೆಯ ಹಿಂದೆ ಬಿದ್ದಿತ್ತು, ಕೈಗೆ ಎಟುಕದಂತೆ. ಅದರ ಮರುದಿನವೂ ಹಾಗೆಯೇ. ಬೇಕೆಂದೇ ಮಾಡಿದರೋ ತಾನಾಗಿ ಬಿತ್ತೋ ಇಂದಿಗೂ ಗೊತ್ತಿಲ್ಲ. ಆದರೆ ಆ ಎರಡು ರಾತ್ರಿ ನಾನು ನಿದ್ದೆ ಮಾಡಲಿಲ್ಲ.

ಮೂರನೆಯ ದಿನ ಕೂಗಾಟ ಬಿಟ್ಟು ಕಾಗದ ಹಿಡಿದೆ. ಇಂಥ ದಿನ, ಇಷ್ಟು ಹೊತ್ತಿಗೆ, ಇಂಥಲ್ಲಿ ಬಾವು ಕಂಡೆ. ಹೇಗಾಯಿತು ಎಂದು ಬರೆದು ತಿಳಿಸಿ. ಗಂಟೆಯ ದಾರ ಎರಡು ದಿನ ಎಟುಕುವಂತಿರಲಿಲ್ಲ, ಇನ್ನು ಮುಂದೆ ಯಾರು ನೋಡಿಕೊಳ್ಳುತ್ತಾರೆ ಎಂದು ತಿಳಿಸಿ. ಒಂದು ಪ್ರತಿಗೆ ಸ್ವೀಕೃತಿಯ ಸಹಿ ಹಾಕಿಸಿಕೊಂಡೆ. ಯಾರ ಹೆಸರನ್ನೂ ಎತ್ತಲಿಲ್ಲ, ಬೈಗುಳವಂತೂ ಇಲ್ಲ. ಅದಾದ ಮೇಲೆ ಗಾಳಿಯೇ ಬದಲಾಯಿತು. ಕೂಗಾಡುವವನನ್ನು "ಸಿಡುಕ" ಎಂದು ತಳ್ಳಿಹಾಕಬಹುದು. ದಿನಾಂಕವಿರುವ ಕಾಗದಕ್ಕೆ ಯಾರಾದರೊಬ್ಬರು ಉತ್ತರ ಬರೆಯಲೇಬೇಕು.

ಇನ್ನೊಂದು ಮಾತು. ನೀವು ಭಾನುವಾರವೇ ಹೋಗುತ್ತೀರಿ ಎಂದು ಅವರಿಗೆ ಗೊತ್ತಿದೆ. ಬುಧವಾರ ರಾತ್ರಿ ಎಂಟಕ್ಕೆ ಹೋಗಿ. ಬೆಳಗ್ಗೆ ಏಳಕ್ಕೆ ಹೋಗಿ.

ತುಂಟಗಾಳಿ | 9.05

ನೆಲ ಕನ್ನಡಿಯಂತಿದೆ ಎಂದರಲ್ಲ, ನನಗೆ ಅದೇ ಭಯ. ನಡೆಯಲು ತಡವರಿಸುವವರಿರುವ ಕಡೆ ಕನ್ನಡಿಯಂಥ ನೆಲ ಯಾರಿಗಾಗಿ? ನೋಡಲು ಬರುವ ಮಕ್ಕಳಿಗಾಗಿ.

ಹಳೆಯ ಕನ್ನಡಕ | 9.50

ಇಲ್ಲಿ ಮಾತನಾಡುತ್ತಿರುವವರೆಲ್ಲ ಮಕ್ಕಳು, ಸೊಸೆಯಂದಿರು, ದಾದಿಯರು. ನಾನು ಒಳಗಿರುವವನು. 81 ವರ್ಷ, ಕೇಂದ್ರಕ್ಕೆ ಬಂದು ನಾಲ್ಕು ವರ್ಷ. ಬೆರಳು ನಡುಗುತ್ತದೆ, ನಿಧಾನವಾಗಿ ಒತ್ತುತ್ತಿದ್ದೇನೆ, ತಾಳ್ಮೆಯಿರಲಿ.

ತುಂಟಗಾಳಿ ಹೇಳಿದ್ದು ಸರಿ. ಹೊಳೆಯುವ ನೆಲದಲ್ಲಿ ಕಿಟಕಿಯ ಬೆಳಕು ಬಿದ್ದರೆ ನನಗೆ ನೀರು ನಿಂತಂತೆ ಕಾಣುತ್ತದೆ. ದಾಟಲು ಹೋಗಿ ಎರಡು ಸಲ ಎಡವಿದ್ದೇನೆ. ಇನ್ನು ರಾತ್ರಿ ಬೀಳುವವರ ಬಗ್ಗೆ. ಹಾಸಿಗೆಯ ಕಂಬಿ ಎತ್ತಿಬಿಡುತ್ತಾರೆ, "ಏಳಬೇಡಿ" ಎನ್ನುತ್ತಾರೆ. ನಾವು ಏಕೆ ಏಳುತ್ತೇವೆ ಎಂದು ಒಬ್ಬರೂ ಕೇಳುವುದಿಲ್ಲ. ಮೂತ್ರ ಬಂದಿರುತ್ತದೆ, ಅಷ್ಟೇ. ಮಲಗುವ ಮುನ್ನ ಒಮ್ಮೆ, ಎರಡು ಗಂಟೆಯ ಸುಮಾರಿಗೆ ಒಮ್ಮೆ ಕರೆದುಕೊಂಡು ಹೋದರೆ ಕಂಬಿಯ ಕೆಲಸವೇ ಇಲ್ಲ.

ಮೂಗಿನ ಮೇಲೆ ಬೆರಳು | 10.10

ಕಂಬಿ ಇದ್ದರೆ ಬೀಳುವುದಿಲ್ಲವಲ್ಲ? ನಮ್ಮ ಅಜ್ಜಿಯನ್ನು ಆಸ್ಪತ್ರೆಯಲ್ಲಿ ಮೆತ್ತನೆಯ ಪಟ್ಟಿಯಿಂದ ಕಟ್ಟಿದ್ದರು, ಒಳ್ಳೆಯದಕ್ಕೆಂದೇ ಹೇಳಿದರು.

ಬಿಳಿ ಸಮವಸ್ತ್ರ | 10.35

ಕಂಬಿ ಏರಿ ದಾಟಲು ಹೋದವರು ಇನ್ನೂ ಎತ್ತರದಿಂದ ಬೀಳುತ್ತಾರೆ. ಕಂಬಿ ಮತ್ತು ಹಾಸಿಗೆಯ ಸಂದಿಯಲ್ಲಿ ತಲೆ ಸಿಕ್ಕಿ ಸತ್ತವರೂ ಇದ್ದಾರೆ. ಕಟ್ಟಿಹಾಕಿದವರ ಸ್ನಾಯು ಸೊರಗುತ್ತದೆ, ಹುಣ್ಣಾಗುತ್ತದೆ, ಬಿಚ್ಚಿದ ದಿನ ನಿಲ್ಲಲೂ ಆಗುವುದಿಲ್ಲ. ಅಮೆರಿಕದಲ್ಲಿ ಶಿಸ್ತಿಗಾಗಿಯೋ ಸಿಬ್ಬಂದಿಯ ಅನುಕೂಲಕ್ಕಾಗಿಯೋ ನಿವಾಸಿಗಳನ್ನು ಕಟ್ಟುವಂತಿಲ್ಲ ಎಂದು 1987ರಲ್ಲಿಯೇ ಕಾನೂನು ತಂದರು. ಅಲ್ಲಿಯವರೆಗೆ ಅದು ತೀರಾ ಮಾಮೂಲಿ ಪದ್ಧತಿಯಾಗಿತ್ತು. ಈಗ ಬಲು ಅಪರೂಪ, ಆಕಾಶವೇನೂ ಕಳಚಿ ಬೀಳಲಿಲ್ಲ. ಹಾಸಿಗೆಯನ್ನು ತಗ್ಗಿಸಿ, ರಾತ್ರಿ ಸಣ್ಣ ದೀಪ ಉರಿಸಿ, ಮೇಲಿನ ಹಿರಿಯರು ಹೇಳಿದಂತೆ ಹೊತ್ತಿಗೆ ಸರಿಯಾಗಿ ಶೌಚಕ್ಕೆ ಕರೆದೊಯ್ಯಿರಿ.

ನೇರನುಡಿ | 10.50

ಇಷ್ಟೆಲ್ಲ ಏಕೆ? ಪ್ರತಿ ಕೋಣೆಗೂ ಕ್ಯಾಮೆರಾ ಹಾಕಿಸಿ. ಮಕ್ಕಳು ಮೊಬೈಲಿನಲ್ಲಿ ನೋಡುತ್ತಿರಲಿ. ಕಳ್ಳತನ, ಹೊಡೆತ, ನಿರ್ಲಕ್ಷ್ಯ ಎಲ್ಲವೂ ಬಂದ್.

ಹಳೆಯ ಕನ್ನಡಕ | 11.20

ನನ್ನ ಡೈಪರ್ ಬದಲಿಸುವುದನ್ನು ನನ್ನ ಮಗ ಕಚೇರಿಯಲ್ಲಿ ಕುಳಿತು ನೋಡಬೇಕೇ? ನಿಮ್ಮ ಮಲಗುವ ಕೋಣೆಗೂ ಒಂದು ಹಾಕಿಸಿಕೊಳ್ಳಿ, ಆಮೇಲೆ ಮಾತನಾಡೋಣ.

ತುಂಟಗಾಳಿ | 11.22

ಹಿರಿಯರಿಗೆ ನನ್ನ ನಮಸ್ಕಾರ.

ಎರಡನೇ ಮಹಡಿ | 11.31

ಆದರೂ ಮಾತೇ ಆಡಲಾಗದವರ ವಿಷಯದಲ್ಲಿ ಕ್ಯಾಮೆರಾ ಬೇಡವೇ ಬೇಡ ಎನ್ನಲು ನನಗೆ ಧೈರ್ಯ ಸಾಲದು. ವರಾಂಡ, ಊಟದ ಮನೆಗಳಲ್ಲಿ ಇರಲಿ. ಕೋಣೆಯೊಳಗೆ ಇಡುವುದಾದರೆ ಅಲ್ಲಿ ಮಲಗುವವರ ಒಪ್ಪಿಗೆ ಬೇಕು. ಪಕ್ಕದ ಹಾಸಿಗೆಯವರದ್ದೂ ಬೇಕು.

ನೇರನುಡಿ | 11.36

ಒಪ್ಪಿಗೆ ಕೇಳುತ್ತಾ ಕುಳಿತರೆ ಹೆಣ ಬೀಳುತ್ತದೆ. ನಾನು ಹೇಳಿದ್ದು ಹೇಳಿದ್ದೇ.

ಮಾತ್ರೆಪೆಟ್ಟಿಗೆ | ಮಧ್ಯಾಹ್ನ 1.15

ಔಷಧ ತಜ್ಞೆಯಾಗಿ ಒಂದು ಪ್ರಶ್ನೆ, ಯಾರೂ ಕೇಳಲಿಲ್ಲವೆಂದು ಕೇಳುತ್ತಿದ್ದೇನೆ. ಬೆಳಗಿನ ಬಸ್ಸು ಅವರೇ, ಅಮ್ಮ ಇತ್ತೀಚೆಗೆ ಹೆಚ್ಚು ನಿದ್ದೆ ಮಾಡುತ್ತಿದ್ದಾರೆಯೇ? ಹೊಸ ಮಾತ್ರೆ ಏನಾದರೂ ಸೇರಿದೆಯೇ?

ನಾವು ನಿದ್ದೆಯಲ್ಲಿ ಗೊತ್ತಿಲ್ಲದೆಯೇ ಎಷ್ಟೋ ಸಲ ಹೊರಳುತ್ತೇವೆ. ಮಂಪರಿನ ಮಾತ್ರೆ ನುಂಗಿಸಿದವರು ಹೊರಳುವುದಿಲ್ಲ, ಇಟ್ಟ ಕಡೆ ಇಟ್ಟಂತೆ ಇರುತ್ತಾರೆ. ಹುಣ್ಣಾಗುವುದು ಹಾಗೆ.

ಬೆಳಗಿನ ಬಸ್ಸು | 1.40

ಎರಡು ತಿಂಗಳಿಂದ ಅಮ್ಮ ತುಂಬಾ "ಶಾಂತ"ವಾಗಿದ್ದಾರೆ ಎಂದು ಅವರೇ ಸಂತೋಷದಿಂದ ಹೇಳಿದ್ದರು. ನಾನೂ ಸಂತೋಷಪಟ್ಟಿದ್ದೆ. ಮೊದಲೆಲ್ಲ ಸಂಜೆಯಾದರೆ "ಮನೆಗೆ ಹೋಗಬೇಕು" ಎಂದು ಬಾಗಿಲ ಬಳಿ ನಿಲ್ಲುತ್ತಿದ್ದರು. ಈಗ ನಿಲ್ಲುವುದಿಲ್ಲ. ಮಾತ್ರೆಯ ಬಗ್ಗೆ ನನಗೆ ಯಾರೂ ಹೇಳಿಲ್ಲ.

ಮಾತ್ರೆಪೆಟ್ಟಿಗೆ | 2.05

ಹಾಗಾದರೆ ಔಷಧಿಗಳ ಪೂರ್ಣ ಪಟ್ಟಿ ಕೇಳಿ: ಯಾವುದು, ಎಷ್ಟು, ಯಾವ ದಿನ ಶುರುವಾಯಿತು, ಯಾವ ಕಾರಣಕ್ಕೆ, ಯಾರು ಬರೆದುಕೊಟ್ಟರು. ಸಂಜೆಯ ಚಡಪಡಿಕೆ ಮರೆವಿನ ಕಾಯಿಲೆಯವರಲ್ಲಿ ತುಂಬಾ ಸಾಮಾನ್ಯ. ಅದನ್ನು ಅಡಗಿಸಲು ಮನೋರೋಗದ ಮಾತ್ರೆ ಕೊಡುವ ಚಟವೂ ಸಾಮಾನ್ಯ. ಮರೆವಿನ ಕಾಯಿಲೆಯ ಹಿರಿಯರಲ್ಲಿ ಈ ವರ್ಗದ ಔಷಧಿಗಳು ಸಾವಿನ ಅಪಾಯವನ್ನು ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲಿಯೇ ಕಟ್ಟುನಿಟ್ಟಿನ ಎಚ್ಚರಿಕೆ ಹೊರಡಿಸಿತು. ಔಷಧವೇ ಇಲ್ಲದ ಹುಸಿ ಮಾತ್ರೆ ಪಡೆದವರಿಗೆ ಹೋಲಿಸಿದರೆ 1.6ರಿಂದ 1.7 ಪಟ್ಟು. ವಯಸ್ಸಾದವರಿಗೆ ಯಾವ ಮಾತ್ರೆ ತರವಲ್ಲ ಎಂಬ ಪಟ್ಟಿಯನ್ನು ಮಾರ್ಕ್ ಬಿಯರ್ಸ್ ಎಂಬ ವೈದ್ಯರು 1991ರಲ್ಲಿ ಮೊದಲು ಸಿದ್ಧಪಡಿಸಿದ್ದೇ ಆರೈಕೆ ಕೇಂದ್ರಗಳ ನಿವಾಸಿಗಳಿಗಾಗಿ. ಅಂದರೆ ಇದು ಹೊಸ ರೋಗವಲ್ಲ.

ಆದರೆ ಒಂದು ಬೇಡಿಕೆ: ನೀವಾಗಿಯೇ ನಿಲ್ಲಿಸಲು ಹೋಗಬೇಡಿ. ಕೆಲವನ್ನು ಥಟ್ಟನೆ ಬಿಟ್ಟರೆ ಇನ್ನೊಂದು ಅನಾಹುತ. ಕಡಿಮೆ ಮಾಡುವುದನ್ನು ವೈದ್ಯರೇ ಹಂತ ಹಂತವಾಗಿ ಮಾಡಲಿ. ಮಾತ್ರೆ ಪುಡಿ ಮಾಡಿ ಊಟದಲ್ಲಿ ಕಲಸುತ್ತಾರೆಯೇ ಎಂದೂ ಕೇಳಿ. ನಿಧಾನವಾಗಿ ಕರಗಲೆಂದು ಮಾಡಿದ ಮಾತ್ರೆಯನ್ನು ಪುಡಿ ಮಾಡಿದರೆ ದಿನವಿಡೀ ಇಳಿಯಬೇಕಾದದ್ದು ಒಂದೇ ಏಟಿಗೆ ಇಳಿಯುತ್ತದೆ.

ಗುಬ್ಬಿಗೂಡು | 2.20

ನಾವು ಎಲ್ಲವನ್ನೂ ಪುಡಿ ಮಾಡಿಯೇ ಕೊಡುತ್ತಿದ್ದೆವು. ಈ ಚರ್ಚೆ ಓದಬಾರದಿತ್ತು ಅನ್ನಿಸುತ್ತಿದೆ.

ಬಿಳಿ ಸಮವಸ್ತ್ರ | 2.31

ಓದಿದ್ದು ಒಳ್ಳೆಯದೇ ಆಯಿತು, ತಂಗಿ. ನಾನು ಸಮವಸ್ತ್ರ ಹಾಕಿಕೊಂಡೇ ಇವೆಲ್ಲ ಮಾಡಿದ್ದೇನೆ.

ಲೆಕ್ಕದವನು | 3.00

ರಾತ್ರಿಪಾಳಿಯವರ ಎರಡು ಗಂಟೆಯ ಲೆಕ್ಕಕ್ಕೆ ಮರಳುತ್ತೇನೆ. ಆ "ಎರಡು ಗಂಟೆ" ಬಂದದ್ದು ಎಲ್ಲಿಂದ? ಅದು ಶಿಲಾಶಾಸನವೇ?

ಬಿಳಿ ಸಮವಸ್ತ್ರ | 3.25

ಅಲ್ಲ. ಒಳ್ಳೆಯ ದಟ್ಟ ಫೋಮ್ ಹಾಸಿಗೆಯ ಮೇಲೆ ಮಲಗುವ ಕೇಂದ್ರವಾಸಿಗಳಲ್ಲಿ 2, 3, 4 ಗಂಟೆಗೊಮ್ಮೆ ತಿರುಗಿಸಿ ಹೋಲಿಸಿದ ಅಧ್ಯಯನವೊಂದು 2013ರಲ್ಲಿ ಬಂತು. ಹುಣ್ಣಿನ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಅಂದರೆ ಹಾಸಿಗೆ ಒಳ್ಳೆಯದಾದರೆ ಕೈಗಳಿಗೆ ಸ್ವಲ್ಪ ಬಿಡುವು. ಆದರೆ ಇದನ್ನು ಹೇಳಲು ನನಗೆ ಯಾವಾಗಲೂ ಹೆದರಿಕೆ. ಆಡಳಿತದವರು "ನಾಲ್ಕು ಗಂಟೆ ಸಾಕಂತೆ" ಎಂಬ ಅರ್ಧ ಹಿಡಿದುಕೊಂಡು "ಒಳ್ಳೆಯ ಹಾಸಿಗೆ" ಎಂಬ ಅರ್ಧ ಬಿಟ್ಟುಬಿಡುತ್ತಾರೆ. ಈಗಾಗಲೇ ಕಲೆ ಎದ್ದಿರುವ ನಮ್ಮ ಈ ತಾಯಿಗಂತೂ ಅದು ಅನ್ವಯಿಸುವುದಿಲ್ಲ.

ನೀವು ಕೇಳಬೇಕಾದ ಇನ್ನೊಂದು: ಬ್ರೇಡನ್ ಅಂಕ. ಹುಣ್ಣಾಗುವ ಅಪಾಯ ಅಳೆಯಲು ಆರು ಅಂಶಗಳನ್ನು ನೋಡಿ 6ರಿಂದ 23ರವರೆಗೆ ಅಂಕ ಕೊಡುತ್ತಾರೆ. ಅಂಕ ಇಳಿದಷ್ಟೂ ಅಪಾಯ ಹೆಚ್ಚು. 18 ಅಥವಾ ಅದಕ್ಕಿಂತ ಕಡಿಮೆಯಾದರೆ ಎಚ್ಚರ ವಹಿಸಬೇಕು. "ಅಮ್ಮನ ಅಂಕ ಎಷ್ಟು, ಕೊನೆಯ ಬಾರಿ ನೋಡಿದ್ದು ಯಾವಾಗ" ಎಂದು ಕೇಳಿದ ಕೂಡಲೇ ನೀವು ತಿಳಿದವರೆಂದು ಅವರಿಗೆ ಅರ್ಥವಾಗುತ್ತದೆ. ತೂಕದ ದಾಖಲೆಯನ್ನೂ ಕೇಳಿ. ಒಂದು ತಿಂಗಳಲ್ಲಿ 5%, ಆರು ತಿಂಗಳಲ್ಲಿ 10% ಇಳಿದಿದ್ದರೆ ಅದು "ಊಟ ಸೇರುತ್ತಿಲ್ಲ" ಎಂದು ಬಿಡುವ ಮಾತಲ್ಲ. ಮಂಪರಿನಲ್ಲಿರುವವರು ಊಟವನ್ನೂ ಬಿಡುತ್ತಾರೆ.

ತುಂಟಗಾಳಿ | 3.40

ನನ್ನ ಪರೀಕ್ಷೆ ಬಲು ಸುಲಭ. ಹಲ್ಲುಜ್ಜುವ ಬ್ರಷ್ ಮುಟ್ಟಿ ನೋಡುವುದು. ಬೆಳಗ್ಗೆ ಒಂಬತ್ತಕ್ಕೆ ಒದ್ದೆಯಿದ್ದರೆ ಸರಿ. ನಗಬೇಡಿ.

ಬಿಳಿ ಸಮವಸ್ತ್ರ | 3.52

ನಗುವುದಿಲ್ಲ. ಜಪಾನಿನ ಹಿರಿಯರ ಕೇಂದ್ರಗಳಲ್ಲಿ ಎರಡು ವರ್ಷ ನಡೆಸಿದ ಅಧ್ಯಯನದಲ್ಲಿ, ಊಟದ ನಂತರ ಸಿಬ್ಬಂದಿಯೇ ಬಾಯಿ ಶುಚಿ ಮಾಡಿಸಿದ ಗುಂಪಿನಲ್ಲಿ ನ್ಯುಮೋನಿಯಾ ಕಡಿಮೆ ಕಂಡಿತ್ತು. ಬಾಯಿಯ ಕೊಳೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಊಟವಾದ ಮೇಲೆ ಅರ್ಧ ಗಂಟೆಯಾದರೂ ನೆಟ್ಟಗೆ ಕೂರಿಸುತ್ತಾರೆಯೇ ಎಂದೂ ಗಮನಿಸಿ.

ಹಳೆಯ ಕನ್ನಡಕ | 4.30

ನೀವೆಲ್ಲ ಚರ್ಮ, ಹಲ್ಲು, ತೂಕ ಎನ್ನುತ್ತಿದ್ದೀರಿ. ಇರಲಿ, ಬೇಕಾದದ್ದೇ. ಆದರೆ ನನ್ನ ಅಳತೆಗೋಲು ಬೇರೆ: ಬಾಗಿಲು ತಟ್ಟಿ ಒಳಗೆ ಬರುತ್ತಾರೆಯೇ? ಇಲ್ಲಿ ಮೂವರು ತಟ್ಟುತ್ತಾರೆ. ಉಳಿದವರು ಉಗ್ರಾಣಕ್ಕೆ ಬಂದಂತೆ ಬರುತ್ತಾರೆ. ಆ ಮೂವರ ಪಾಳಿಯಲ್ಲಿ ನನಗೆ ಬಿದ್ದ ನೆನಪಿಲ್ಲ, ಹಸಿದ ನೆನಪಿಲ್ಲ.

1976ರಲ್ಲಿ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು ಇಂಥ ಒಂದು ಕೇಂದ್ರದಲ್ಲಿ ಪ್ರಯೋಗ ಮಾಡಿದರು. ಒಂದು ಮಹಡಿಯವರಿಗೆ "ನಿಮ್ಮ ದಿನ ನಿಮ್ಮ ಕೈಯಲ್ಲಿ" ಎಂದು ಹೇಳಿ, ಒಂದು ಗಿಡ ಕೊಟ್ಟು, ನೀವೇ ನೋಡಿಕೊಳ್ಳಿ ಎಂದರು. ಇನ್ನೊಂದು ಮಹಡಿಯವರಿಗೂ ಗಿಡ ಕೊಟ್ಟರು. ನೀರು ಹಾಕುವುದು ನರ್ಸುಗಳ ಕೆಲಸ ಎಂದರು. ಮೊದಲ ಮಹಡಿಯವರು ಹೆಚ್ಚು ಚುರುಕಾದರು. ನನ್ನ ಕಿಟಕಿಯಲ್ಲಿ ಒಂದು ಗಿಡವಿದೆ. ಆಯಾ ನೀರು ಹಾಕಲು ಬಂದರೆ ಜಗಳವಾಡುತ್ತೇನೆ.

ಲೆಕ್ಕದವನು | 4.41

ಆ ಪ್ರಯೋಗದ ಗುಂಪುಗಳು ತೀರಾ ಚಿಕ್ಕವು, ಹಿರಿಯರೇ.

ಹಳೆಯ ಕನ್ನಡಕ | 4.58

ನಮ್ಮ ಮಹಡಿಯೂ ಚಿಕ್ಕದೇ.

ಮೂಗಿನ ಮೇಲೆ ಬೆರಳು | 5.10

ಇಷ್ಟೆಲ್ಲ ತಲೆನೋವು ಏಕೆ, ಬೇರೆ ಕೇಂದ್ರಕ್ಕೆ ಸೇರಿಸಿದರೆ ಆಗದೇ?

ಎರಡನೇ ಮಹಡಿ | 5.26

ಕೊನೆಯ ದಾರಿ ಅದು. ಮರೆವಿನ ಕಾಯಿಲೆಯವರಿಗೆ ಶೌಚಾಲಯ ಯಾವ ಕಡೆ ಎಂಬುದನ್ನು ಕಾಲು ಕಲಿತಿರುತ್ತದೆ, ತಲೆಯಲ್ಲ. ನನ್ನ ಪರಿಚಯದವರೊಬ್ಬರು ಜಾಗ ಬದಲಿಸಿದ ಮೂರನೆಯ ವಾರ ತೊಡೆಯ ಮೂಳೆ ಮುರಿದುಕೊಂಡರು. ಎಡಕ್ಕೆ ತಿರುಗುವ ಅಭ್ಯಾಸ, ಹೊಸ ಕೋಣೆಯಲ್ಲಿ ಎಡಕ್ಕೆ ಗೋಡೆ. ಹೊಡೆತ, ಕಟ್ಟಿಹಾಕುವುದು, ಸುಳ್ಳಿನ ಮೇಲೆ ಸುಳ್ಳು ಇದ್ದರೆ ಆ ದಿನವೇ ಎತ್ತಿಕೊಂಡು ಹೊರಡಿ. ಕೇಳಿದರೆ ಸರಿಪಡಿಸುವ ಜಾಗವಾದರೆ ಕೇಳುತ್ತಲೇ ಇರಿ.

ಬೆಳಗಿನ ಬಸ್ಸು | ಗುರುವಾರ ರಾತ್ರಿ 9.15

ಮೂರು ದಿನ ಉತ್ತರಿಸಲಾಗಲಿಲ್ಲ, ಕ್ಷಮಿಸಿ.

ಮಂಗಳವಾರ ರಜೆ ಹಾಕಿ ಹೋಗಿದ್ದೆ. ಕಾಗದದಲ್ಲಿ ಐದು ಪ್ರಶ್ನೆ ಬರೆದುಕೊಂಡಿದ್ದೆ, ಬೈಗುಳ ಒಂದೂ ಇರಲಿಲ್ಲ (ಬಸ್ಸಿನಲ್ಲಿ ಎರಡು ಹೊಡೆದುಹಾಕಿದೆ). ವೈದ್ಯರು ನೋಡಿದರು. ಬಿಳಿ ಸಮವಸ್ತ್ರ ಅವರು ಹೇಳಿದ್ದೇ ಸರಿ, ಒಳಗಿನ ಮಾಂಸಕ್ಕೆ ಪೆಟ್ಟಾಗಿದೆ. ಚರ್ಮ ಒಡೆಯಲೂಬಹುದು, ಒಡೆಯದೆ ವಾಸಿಯಾಗಲೂಬಹುದು ಎಂದರು. ಬ್ರೇಡನ್ ಅಂಕ ಸೇರಿಸಿಕೊಂಡ ದಿನ 17 ಎಂದು ಬರೆದಿದ್ದರು. ಆಮೇಲೆ ಯಾರೂ ನೋಡಿಲ್ಲ. ಈಗ ನೋಡಿದರೆ 12.

ಮಾತ್ರೆಯ ಪಟ್ಟಿ ಕೊಡಲು ಅರ್ಧ ದಿನ ಕಾಯಿಸಿದರು. ಒಂಬತ್ತು ವಾರಗಳ ಹಿಂದೆ "ಚಡಪಡಿಕೆಗಾಗಿ" ಎಂದು ರಾತ್ರಿಯ ಮಾತ್ರೆ ಸೇರಿದೆ. ಕುಟುಂಬಕ್ಕೆ ತಿಳಿಸಲಾಗಿದೆ ಎಂಬ ಖಾನೆಯಲ್ಲಿ ಸರಿ ಗುರುತು ಇದೆ. ಕುಟುಂಬ ಎಂದರೆ ನಾನೊಬ್ಬಳೇ. ವೈದ್ಯರು ಎರಡು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಇಳಿಸುತ್ತೇನೆ ಎಂದಿದ್ದಾರೆ.

ಮಗ್ಗುಲು ಬದಲಿಸಿದ ಪಟ್ಟಿಯನ್ನೂ ನೋಡಿದೆ. 10.00, 12.00, 2.00, 4.00. ಒಂದೇ ಪೆನ್ನು. ಹಿಡಿದು ತೋರಿಸಬೇಕೆಂದಿದ್ದೆ, ರಾತ್ರಿಪಾಳಿಯವರ ಮಾತು ನೆನಪಾಯಿತು. "ರಾತ್ರಿ ಎಷ್ಟು ಜನ ಇರುತ್ತಾರೆ?" ಎಂದಷ್ಟೇ ಕೇಳಿದೆ. ಮೇಲ್ವಿಚಾರಕಿ ಬಹಳ ಹೊತ್ತು ಮಾತನಾಡಲಿಲ್ಲ. ಹೊಸ ಹಾಸಿಗೆ ಬರುತ್ತದೆ ಎಂದರು. ಜನರ ಬಗ್ಗೆ ಮಾತ್ರ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತನಾಡಿದರು.

ಬುಧವಾರ ರಾತ್ರಿ ಎಂಟಕ್ಕೆ ಹೇಳದೆ ಹೋದೆ. ಅಮ್ಮ ಎಡಮಗ್ಗುಲಲ್ಲಿದ್ದರು, ಬೆನ್ನಿಗೆ ದಿಂಬು ಇತ್ತು. ಗಂಟೆಯ ದಾರ ಕೈಗೆ ಸಿಗುವಂತಿತ್ತು. ನನಗಾಗಿ ಮಾಡಿದ್ದೋ ಅಮ್ಮನಿಗಾಗಿಯೋ ತಿಳಿಯಲಿಲ್ಲ. ಹೊರಡುವಾಗ ಆಯಾ ಒಬ್ಬರು ಬಾಗಿಲವರೆಗೆ ಬಂದು, "ಇನ್ನೊಬ್ಬರನ್ನು ಹಾಕಿ ಎಂದು ನೀವೇ ಬರೆದುಕೊಡಿ, ನಾವು ಕೇಳಿದರೆ ನಡೆಯುವುದಿಲ್ಲ" ಎಂದರು. ಇನ್ನೂ ಮೂರು ಕುಟುಂಬದವರ ಹತ್ತಿರ ಮಾತನಾಡಿದ್ದೇನೆ. ಇಬ್ಬರು ಸಹಿ ಹಾಕುತ್ತಾರೆ. ಒಬ್ಬರು ಹೆದರಿದ್ದಾರೆ, ನಾನು ಹೋದ ವಾರ ಹೆದರಿದಂತೆಯೇ.

ರಾತ್ರಿಪಾಳಿ | ಶುಕ್ರವಾರ ಬೆಳಗಿನ ಜಾವ 4.20

ಪೆನ್ನಿನ ವಿಷಯ ಎತ್ತದೆ ಬಂದಿರಲ್ಲ. ಆ ಆಯಾ ಯಾರೋ ಗೊತ್ತಿಲ್ಲ, ಅವಳ ಪರವಾಗಿ ಹೇಳುತ್ತಿದ್ದೇನೆ.

ನೇರನುಡಿ | ಬೆಳಗ್ಗೆ 7.10

ಕ್ಯಾಮೆರಾ ಇದ್ದಿದ್ದರೆ ಒಂಬತ್ತು ವಾರ ಬೇಕಾಗುತ್ತಿರಲಿಲ್ಲ.

ಮಾತ್ರೆಪೆಟ್ಟಿಗೆ | 7.25

ಮಾತ್ರೆ ನುಂಗಿ ಮಲಗಿರುವುದು ಕ್ಯಾಮೆರಾದಲ್ಲಿ "ಶಾಂತವಾಗಿ ನಿದ್ರಿಸುತ್ತಿದ್ದಾರೆ" ಎಂದೇ ಕಾಣುತ್ತಿತ್ತು.

ತುಂಟಗಾಳಿ | 8.00

ಅದೆಲ್ಲ ಇರಲಿ, ಬ್ರಷ್ ನೋಡಿದಿರಾ?

ಬೆಳಗಿನ ಬಸ್ಸು | 9.40

ಮರೆತಿದ್ದೆ. ಈಗ ಇಲ್ಲಿಯೇ ಇದ್ದೇನೆ, ನೋಡಿದೆ. ಒಣಗಿದೆ. ಕೊಂಡಾಗ ಇದ್ದಂತೆಯೇ ನೆಟ್ಟಗಿದೆ.

ಬಿಳಿ ಸಮವಸ್ತ್ರ | 9.44

ಸ್ವಂತ ಹಲ್ಲೋ, ಕಟ್ಟಿಸಿದ್ದೋ?

ಬೆಳಗಿನ ಬಸ್ಸು | 9.47

ಸ್ವಂತದ್ದು, ಹತ್ತೊಂಬತ್ತು ಇವೆ. ನಾನೇ ಉಜ್ಜುತ್ತಿದ್ದೇನೆ, ಅಮ್ಮ ಕಚ್ಚುತ್ತಿದ್ದಾರೆ. ಆಮೇಲೆ ಬರೆಯುತ್ತೇನೆ.